ನೆರಳಿಲ್ಲದ ಮಧ್ಯಾಹ್ನ, ಮೇಷ್ಟ್ರ ಸ್ಲ್ಯಾಬು

29 ಏಪ್ರಿಲ್ 2025, ಮಂಗಳವಾರ
ಚಿತ್ರದುರ್ಗ, ರಾತ್ರಿ 9.40

ನಮ್ಮ ಹಿಂದಿನ ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವ ಮೇಷ್ಟ್ರು ಬೆಳಿಗ್ಗೆ ಬಂದಿದ್ದರು. ಶುಕ್ರವಾರ ಅವರ ಮನೆಗೆ ಸ್ಲ್ಯಾಬ್ ಹಾಕುತ್ತಾರಂತೆ. ಸೆಂಟ್ರಿಂಗ್ ಮುಗಿದಿದೆ, ಕಂಬಿ ಕಟ್ಟಿ ಆಗಿದೆ. "ನಿಮ್ಮನೆ ಇಂಥಾ ಬಿಸಿಲಲ್ಲೂ ತಣ್ಣಗಿರುತ್ತಲ್ಲ, ನಮ್ಮನೇನೂ ಹಂಗೇ ಆಗ್ಬೇಕಂದ್ರೆ ಈಗ ಏನ್ ಮಾಡ್ಬೋದು ಹೇಳಿ" ಅಂದರು. ಇದನ್ನೇ ಪಾಯ ತೆಗೆಯುವ ಮುಂಚೆ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿ ಸಂಕಟವಾಯಿತು. ಸದ್ಯ, ಸ್ಲ್ಯಾಬಿಗೆ ಮುಂಚೆಯಾದರೂ ಕೇಳಿದರಲ್ಲ. ಹನ್ನೆರಡು ಗಂಟೆಗೆ ಬನ್ನಿ, ತಾರಸಿ ಮೇಲೆ ಒಂದು ತೋರಿಸ್ತೀನಿ ಅಂದೆ.

ನಾಲ್ಕಿಂಚಿನ ಪಿವಿಸಿ ಪೈಪಿನ ಒಂದಡಿ ತುಂಡನ್ನು ತಾರಸಿಯ ನಡುವೆ ನೆಟ್ಟಗೆ ನಿಲ್ಲಿಸಿ ಕಾದೆವು. ನೆರಳು ಕುಗ್ಗುತ್ತಾ ಬಂದು 12 ಗಂಟೆ 22 ನಿಮಿಷದ ಹೊತ್ತಿಗೆ ಪೈಪಿನ ಬುಡದಲ್ಲೇ ಅಡಗಿಹೋಯಿತು. ತಲೆ ಅಡ್ಡ ಬಾರದ ಹಾಗೆ ಪಕ್ಕದಿಂದ ಇಣುಕಿದರೆ ಪೈಪಿನ ತಳದ ತುಂಬ ಬಿಸಿಲು. ಮೇಷ್ಟ್ರು ಮೂರು ಸಲ ಬಗ್ಗಿ ನೋಡಿದರು. ನಮ್ಮೂರಿನ ಅಕ್ಷಾಂಶ ಹದಿನಾಲ್ಕು ಡಿಗ್ರಿ ಚಿಲ್ಲರೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಬೇಸಿಗೆಯ ನಡುಹಗಲಲ್ಲಿ ಗೋಡೆಗಳಿಗೆ ಬಿಸಿಲು ತಾಗುವುದು ಅಷ್ಟಕ್ಕಷ್ಟೆ. ಬೀಳುವುದೆಲ್ಲ ಸೂರಿನ ಮೇಲೆ.

ಈ ಒಂದು ವಿಷಯ ನನಗೆ ತಡವಾಗಿ ತಿಳಿಯಿತು. ಈ ಮನೆ ಕಟ್ಟುವ ಮುಂಚೆ ಎರಡು ವರ್ಷ ಗೋಡೆಯ ಬಗ್ಗೆ ಓದಿದೆ, ಓಡಾಡಿದೆ, ಜಗಳವಾಡಿದೆ. ಸೂರಿನ ಬಗ್ಗೆ ಯೋಚಿಸಿದ್ದು ಹೆಚ್ಚೆಂದರೆ ಎರಡು ವಾರ.

ಗೋಡೆಯ ಮೇಲೆ ಪಟ್ಟ ಶ್ರಮಕ್ಕೆ ಪಶ್ಚಾತ್ತಾಪವೇನಿಲ್ಲ. ಮಳೆನೀರಿನ ತೊಟ್ಟಿಗೆ (ಸಂಪ್) ತೋಡಿದ ಗುಂಡಿಯ ಮಣ್ಣೇ ನಮ್ಮ ಗೋಡೆಯಾಯಿತು. ಮೇಲಿನ ಎರಡಡಿ ಮಣ್ಣು ಗಿಡಕ್ಕೆ. ಅದರಲ್ಲಿ ಬೇರು, ಕಸ, ಗೊಬ್ಬರದ ಅಂಶ ಇರುತ್ತದೆ, ಗೋಡೆಗೆ ಬಾರದು. ಅದರ ಕೆಳಗಿನ ಕೆಂಪು ಮಣ್ಣನ್ನು ಒಂದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಉದುರಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಟ್ಟೆವು. ತಳದಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ತುದಿಗೆ ಜೇಡಿ ಪದರ ಪದರವಾಗಿ ನಿಂತವು. ಜೇಡಿ ಜಾಸ್ತಿ ಇತ್ತು. ಹಾಗಾಗಿ ಕಲ್ಲುಪುಡಿ ಬೆರೆಸಿ, ನೂರಕ್ಕೆ ಏಳು ಪಾಲು ಸಿಮೆಂಟ್ ಹಾಕಿ, ಕೈಯಿಂದ ಒತ್ತುವ ಯಂತ್ರದಲ್ಲಿ ದಿನಕ್ಕೆ 400ರಂತೆ ಆರು ಸಾವಿರ ಇಟ್ಟಿಗೆ ಒತ್ತಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಆಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಶುರುಮಾಡಿದರು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸದ ಫಲ ಈ ಒತ್ತು ಇಟ್ಟಿಗೆ. ಇದಕ್ಕೆ ಭಟ್ಟಿ ಬೇಡ, ಸೌದೆ ಬೇಡ, ಕಲ್ಲಿದ್ದಲು ಬೇಡ. ಮನೆಗೆ ಕರೆಂಟು ಉಳಿಸುವ ಮಾತು ಆಮೇಲೆ. ಕಟ್ಟುವಾಗಲೇ ಸುಡುವ ಉರುವಲು ಎಷ್ಟು ಅನ್ನುವುದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಆದರೆ ಸುಟ್ಟ ಇಟ್ಟಿಗೆ ಬಿಸಿಲಲ್ಲಿ ಬಿದ್ದಿದ್ದರೂ ಏನೂ ಆಗದು. ಇದಕ್ಕೆ ಬಾಣಂತಿಗೆ ಮಾಡುವಂಥ ಆರೈಕೆ ಬೇಕು. ನೆರಳಲ್ಲಿ ಜೋಡಿಸಿ, ಗೋಣಿತಾಟು ಹೊದಿಸಿ, ಮೂರು ವಾರ ಹಸಿ ಆರದ ಹಾಗೆ ನೀರು ಚಿಮುಕಿಸಬೇಕು. ಮೊದಲ ವಾರದಲ್ಲೇ ನಾನು ಊರಲ್ಲಿಲ್ಲದ ಎರಡು ದಿನ ನೀರು ತಪ್ಪಿತು. ಬಂದು ಒಂದು ಇಟ್ಟಿಗೆಯ ಅಂಚನ್ನು ಉಗುರಲ್ಲಿ ಕೆರೆದೆ. ಕೊಬ್ಬರಿ ತುರಿಯ ಹಾಗೆ ಉದುರಿತು. ಮುನ್ನೂರು ಇಟ್ಟಿಗೆಯನ್ನು ಒಡೆದು ಪಾಯದ ಒಳಗೆ ತುಂಬಿಸುವಾಗ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅಮ್ಮ ಕುರ್ಚಿ ಹಾಕಿಕೊಂಡು ಅಲ್ಲೇ ಕೂತರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಗೋಣಿತಾಟಿನ ಮೇಲೆ ಕೈಯಿಟ್ಟು ನೋಡಿ ನೀರು ಹಾಕಿಸಿದರು.

2021ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಶಿವರಾತ್ರಿ ಕಳೆದು ಉಗಾದಿ ಬರುವ ಹೊತ್ತಿಗೆ ಗೊತ್ತಾಯಿತು, ಗೋಡೆ ತಣ್ಣಗಿದೆ, ಮನೆ ತಣ್ಣಗಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಹಿತವಾಗಿರುತ್ತಿತ್ತು. ಮಲಗಿದರೆ ಮಾತ್ರ ಮೇಲಿಂದ ಯಾರೋ ಕಾವಲಿ ಹಿಡಿದ ಹಾಗೆ ಮುಖಕ್ಕೆ ಝಳ. ಬಿಸಿ ಅಳೆಯುವ ಯಂತ್ರ ತರಿಸಿ ರಾತ್ರಿ ಒಂಬತ್ತಕ್ಕೆ ಹಿಡಿದೆ: ಗೋಡೆ 31 ಡಿಗ್ರಿ, ಸೂರಿನ ಒಳಮೈ 38. ಐದಿಂಚಿನ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ ಸರಿಯಾಗಿ ಅದನ್ನು ಕೆಳಗೆ ಬಿಡುತ್ತದೆ. ಫ್ಯಾನು ಹಾಕಿದರೆ ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ.

ಅದೂ ಬರೀ ಕಾಂಕ್ರೀಟಲ್ಲ, ಫಿಲ್ಲರ್ ಸ್ಲ್ಯಾಬು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಂಬಿ. ಅಲ್ಲಿನ ಕಾಂಕ್ರೀಟಿಗೆ ಹೆಚ್ಚಿನ ಕೆಲಸವಿಲ್ಲ. ಅದರ ಜಾಗದಲ್ಲಿ ಎರಡೆರಡು ಹಳೇ ಮಂಗಳೂರು ಹೆಂಚು ಕೂರಿಸಿದರೆ ನಡುವೆ ಗಾಳಿ ಉಳಿಯುತ್ತದೆ, ತೂಕ ಇಳಿಯುತ್ತದೆ. ನಮಗೆ ಕಾಂಕ್ರೀಟಿನಲ್ಲಿ ಐದರಲ್ಲೊಂದು ಪಾಲು ಉಳಿಯಿತು. ಹಾಕುವ ಹಿಂದಿನ ದಿನ ಹೆಂಚನ್ನು ನೀರಲ್ಲಿ ನೆನೆಸಿಡಬೇಕು, ಇಲ್ಲವಾದರೆ ಕಾಂಕ್ರೀಟಿನ ನೀರನ್ನೆಲ್ಲ ಅದೇ ಹೀರುತ್ತದೆ. ಇಷ್ಟೆಲ್ಲ ಮಾಡಿಯೂ ಸೆಕೆ. ಏಕೆಂದರೆ ಹೆಂಚಿನ ಗಾಳಿ ಇದ್ದದ್ದು ಸ್ಲ್ಯಾಬಿನ ಹೊಟ್ಟೆಯಲ್ಲಿ, ಬಿಸಿಲು ಬಿದ್ದದ್ದು ಬೆನ್ನ ಮೇಲೆ. ಬೆನ್ನಿಗೆ ನಾನು ಏನನ್ನೂ ಹೊದಿಸಿರಲಿಲ್ಲ.

ಅದನ್ನು ಹೇಳಿದ್ದು ಅಮ್ಮ. ಚಳ್ಳಕೆರೆ ಕಡೆ ನಮ್ಮ ಹಳ್ಳಿಯದ್ದು ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪು, ಆಮೇಲೆ ಒಂದಡಿ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಹೊದಿಕೆ. ನೆಂದರೆ ಅದರ ಸಂದುಗಳೆಲ್ಲ ಮುಚ್ಚಿಕೊಂಡು ನೀರು ಕೆಳಗಿಳಿಯದು. ಮಳೆಗಾಲದ ಮುಂಚೆ ತಾತ ಪ್ರತಿ ವರ್ಷ ಗಾಡಿಯಲ್ಲಿ ಚೌಳು ಮಣ್ಣು ಹೊಡೆಸುತ್ತಿದ್ದರು. 2009ರಲ್ಲಿ ಆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದೆವು. ಅದಾದ ಮೇಲೆ ಅಮ್ಮ ಬೇಸಿಗೆಯಲ್ಲಿ ಒಂದು ಮಧ್ಯಾಹ್ನವೂ ಮನೆಯೊಳಗೆ ಕಣ್ಣುಮುಚ್ಚಲಿಲ್ಲ, ಜಗಲಿಗೆ ಬಂದು ಕೂರುತ್ತಿದ್ದರು. "ಮಣ್ಣು ಹೊದ್ದಿದ್ದ ಮನೆ ಅದು. ಇದಕ್ಕೆ ಮೇಲೆ ಏನು ಹೊದಿಸಿದೀಯ?" ಅಂತ ಕೇಳಿದರು. ಎರಡು ವರ್ಷ ಓದಿದ್ದರಲ್ಲಿ ಸಿಗದ ಪ್ರಶ್ನೆ ಅದು.

ಮೊದಲು ಸುಣ್ಣ ಬಳಿದೆವು. ಡ್ರಮ್ಮಿನಲ್ಲಿ ಕಲ್ಲುಸುಣ್ಣ ನೆನೆಹಾಕಿ (ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು), ಮರುದಿನ ಸೋಸಿ, ಅಂಟು ಬೆರೆಸಿ ಎರಡು ಕೈ. ಒಂದೇ ವಾರದಲ್ಲಿ ರಾತ್ರಿ ಒಂಬತ್ತರ ಅಳತೆ 38ರಿಂದ 34ಕ್ಕೆ ಇಳಿಯಿತು. ಖರ್ಚು ಎರಡು ಸಾವಿರದ ಒಳಗೆ. ಇಡೀ ಮನೆಯಲ್ಲಿ ನಾನು ಮಾಡಿದ ಯಾವ ಖರ್ಚೂ ಇಷ್ಟು ಫಲ ಕೊಟ್ಟಿಲ್ಲ. ಆದರೆ ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಪ್ರತಿ ಮಾರ್ಚ್‌ನಲ್ಲಿ ಮತ್ತೆ ಬಳಿಯಬೇಕು. ಮರುವರ್ಷ ಟೈಲ್ಸ್ ಅಂಗಡಿಗಳಲ್ಲಿ ಒಡೆದು ಬಿದ್ದಿದ್ದ ಬಿಳಿ ಚೂರುಗಳನ್ನು ತಂದು ತಾರಸಿ ಪೂರ್ತಿ ಚೈನಾ ಮೊಸಾಯಿಕ್ ಮಾಡಿಸಿದೆ. ಇವತ್ತು ಮೇಷ್ಟ್ರಿಗೆ ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಿ ಅಂದೆ. 36 ಡಿಗ್ರಿ ಬಿಸಿಲಲ್ಲೂ ಆರಾಮಾಗಿ ನಿಂತರು. ಮೆಟ್ಟಿಲ ಹತ್ತಿರ ಒಂದು ಗೇಣು ಬರಿ ಸಿಮೆಂಟು ಉಳಿದಿದೆ. ಅಲ್ಲಿಗೆ ಕಾಲಿಟ್ಟವರೇ ಹಾ ಅಂತ ಎಗರಿದರು. ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ.

ಎರಡನೆಯದು ಕಿಟಕಿ. ಶುರುವಿನಲ್ಲಿ ಪರದೇಶದ ಪುಸ್ತಕ, ವಿಡಿಯೋಗಳನ್ನು ನೋಡಿ ದಕ್ಷಿಣಕ್ಕೆ ದೊಡ್ಡ ಗಾಜಿನ ಕಿಟಕಿ ಇಡಿಸಬೇಕೆಂದಿದ್ದೆ. ಅದು ಚಳಿ ದೇಶದವರ ಮಾತು. ಅವರಿಗೆ ಚಳಿಗಾಲದ ಸೂರ್ಯ ಮನೆಯೊಳಗೆ ಬರಬೇಕು. ನಮಗೆ ಮೇ, ಜೂನ್, ಜುಲೈನಲ್ಲಿ ನಡುಹಗಲ ಸೂರ್ಯ ಉತ್ತರದ ಕಡೆಗೇ ವಾಲಿರುತ್ತಾನೆ. ಹಾಗಾಗಿ ಉತ್ತರದ ಕಿಟಕಿಗೂ ಸಜ್ಜೆ ಬೇಕೇ ಬೇಕು. ಸಜ್ಜೆ ತಡೆಯಲಾಗದ್ದು ಸಂಜೆಯ ಪಶ್ಚಿಮದ ಬಿಸಿಲು, ಅದು ಅಡ್ಡಡ್ಡ ಬಂದು ನೇರ ಒಳಗೆ ನುಗ್ಗುತ್ತದೆ. ನಮ್ಮ ಮನೆಯಲ್ಲಿ ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ದವಸದ ಕೋಣೆ ಇಟ್ಟೆವು; ಕಾಯುವುದಿದ್ದರೆ ಅವು ಕಾಯಲಿ. ಆದರೆ ಮಳೆಗಾಲದ ಗಾಳಿಯೂ ಅದೇ ಪಶ್ಚಿಮದಿಂದಲೇ ಬರುತ್ತದಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳು ಆ ಗಾಳಿಗೇ ತಿರುಗುವುದು. ಹಾಗಾಗಿ ಪೂರ್ತಿ ಮುಚ್ಚದೆ ಎರಡು ಕಿರುಕಿಟಕಿ ಬಿಟ್ಟು, ಹೊರಗೆ ಎರಡು ಹೊಂಗೆ ಸಸಿ ನೆಟ್ಟೆ. ಹೊಂಗೆ ಎಲೆ ಉದುರಿಸಿದರೂ ಉಗಾದಿ ಹೊತ್ತಿಗೆ ಹೊಸ ಚಿಗುರು ಹೊತ್ತು ನಿಂತಿರುತ್ತದೆ, ಬೇಸಿಗೆಯಲ್ಲಿ ಕೈಬಿಡುವುದಿಲ್ಲ. ಈಗ ಅವು ಕಿಟಕಿಯ ಮೇಲಕ್ಕೆ ಬೆಳೆದಿವೆ.

ಕಿಟಕಿ ಇಡುವುದಕ್ಕಿಂತ ಅದನ್ನು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಮುಖ್ಯ. ಸೆಕೆ ಅಂತ ಹಗಲೆಲ್ಲ ತೆರೆದಿಟ್ಟರೆ ಒಳಗೆ ಬರುವುದು ಹೊರಗಿನ ಬಿಸಿಗಾಳಿ. ಅಮ್ಮ ಒಂಬತ್ತಕ್ಕೆಲ್ಲ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಣ್ಣಗಾದ ಮೇಲೆ ಎಲ್ಲವನ್ನೂ ತೆಗೆಯುತ್ತಾರೆ. ಸೂರಿನ ಹತ್ತಿರದ ಗವಾಕ್ಷಿಗಳಿಂದ ಬಿಸಿಗಾಳಿ ಹೊರಹೋಗಿ, ರಾತ್ರಿಯಿಡೀ ಗೋಡೆ ತಣ್ಣಗಾಗುತ್ತದೆ. ಈಗ ಬರೆಯುತ್ತಾ ಕೂತಿರುವ ಕೋಣೆ 30 ಡಿಗ್ರಿ, ಸೂರಿನ ಒಳಮೈ 32. ಫ್ಯಾನು ಎರಡರಲ್ಲಿದೆ. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು, 28 ವ್ಯಾಟು. ಹಳೆಯದು 75 ತಿನ್ನುತ್ತಿತ್ತು.

ಸೋಲಾರ್ ಬಗ್ಗೆ ಮೇಷ್ಟ್ರು ತುಂಬ ಕೇಳಿದರು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಇರುವಾಗ ಯಾಕೆ ಅಂತ ಎಲ್ಲರ ಪ್ರಶ್ನೆ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೋರ್‌ವೆಲ್ ಮೋಟರು, ಇಂಡಕ್ಷನ್ ಒಲೆ, ಸ್ಕೂಟರ್ ಚಾರ್ಜಿಂಗು ಸೇರಿದರೆ ದಾಟುವುದು ಸುಲಭ. ಕಳೆದ ವರ್ಷ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿದೆ, 78,000 ರೂಪಾಯಿ ಸಬ್ಸಿಡಿ ಬಂತು. ದಿನಕ್ಕೆ ಸರಾಸರಿ 12 ಯೂನಿಟ್. ಆದರೆ ಬ್ಯಾಟರಿಯಿಲ್ಲದ ಈ ವ್ಯವಸ್ಥೆ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೆಯಬಾರದಲ್ಲ. ಹಾಕಿಸಿದವರು ಇದನ್ನು ನನಗೆ ಹೇಳಿರಲಿಲ್ಲ. ಸುಡುಬಿಸಿಲಲ್ಲಿ ಫಲಕ ಮಿರಮಿರ ಮಿಂಚುತ್ತಿರುವಾಗ ಮನೆಯಲ್ಲಿ ಫ್ಯಾನು ನಿಂತದ್ದು ನೋಡಿ ಕೆಟ್ಟುಹೋಗಿದೆ ಅಂತ ಫೋನ್ ಮಾಡಿದ್ದೆ. ಇನ್ನೊಂದು, ಪಕ್ಕದ ತೆಂಗಿನ ಗರಿಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರ ಜೊತೆ ಸಾಲಿನಲ್ಲಿರುವ ಮಿಕ್ಕವೂ ಸೊರಗುತ್ತವೆ. ನೆರಳು ನೋಡಿಯೇ ಜಾಗ ಆರಿಸಬೇಕು.

ನಾನು ಅವರಿಗೆ ಅತಿ ಒತ್ತಿ ಹೇಳಿದ್ದು ಪೈಪಿನ ವಿಷಯ. ನಮ್ಮ ನೀರು ಕಾಯಿಸುವ ಸೋಲಾರು ತಾರಸಿಯ ಆ ಮೂಲೆಗೆ, ಬಚ್ಚಲು ಈ ಮೂಲೆಗೆ. ನಡುವೆ ನಲವತ್ತು ಅಡಿ ಪೈಪು. ಪ್ರತಿ ಸಲ ಬಿಸಿನೀರು ಬರುವ ಮುಂಚೆ ಮೂರೂವರೆ ಲೀಟರ್ ತಣ್ಣೀರು ಹಿಡಿದಿಡಬೇಕು, ಹಿಂದಿನವರು ಸ್ನಾನ ಮಾಡಿದಾಗ ಉಳಿದ ಬಿಸಿನೀರು ಪೈಪಿನಲ್ಲೇ ಆರಿರುತ್ತದೆ. ಸ್ಲ್ಯಾಬಿನಲ್ಲಿ ಕೊಳವೆ ಬಿಟ್ಟಿರಲಿಲ್ಲವಾದ್ದರಿಂದ ಸೋಲಾರ್ ವೈರಿಗೆ ಆಮೇಲೆ ತೂತು ಕೊರೆಸಿದೆ. ಆ ತೂತಿನ ಸುತ್ತ ಕಳೆದ ಮಳೆಗಾಲದಲ್ಲಿ ಸೋರಿತು. ಹಜಾರದ ಸೂರಿನಲ್ಲಿ ತಟ್ಟೆಯಗಲದ ಕಲೆ ಇನ್ನೂ ಇದೆ.

ಫಿಲ್ಲರ್ ಸ್ಲ್ಯಾಬ್ ಮಾಡಿಬಿಡಲಾ ಅಂತ ಮೇಷ್ಟ್ರು ಕೇಳಿದಾಗ ಬೇಡ ಅಂದೆ. ಕಟ್ಟಿದ ಕಂಬಿಯನ್ನು ಮೂರು ದಿನದಲ್ಲಿ ಬಿಚ್ಚಿ ಹೆಂಚು ತುರುಕುವುದು ತಪ್ಪು. ಅದರ ಲೆಕ್ಕವನ್ನು ಇಂಜಿನಿಯರ್ ಮೊದಲಿನಿಂದ ಮಾಡಬೇಕು. ಬದಲಿಗೆ ಈಗ ಆಗುವುದನ್ನು ಅವರ ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಹಿಂದೆ ಬರೆದುಕೊಟ್ಟೆ. ಸೋಲಾರ್ ವೈರಿಗೂ ಅರ್ಥಿಂಗಿಗೂ ಒಂದೊಂದು ಕೊಳವೆ. ಬಚ್ಚಲಿನ ನೇರ ಮೇಲೆ ಬಿಸಿನೀರಿನ ಪೈಪಿಗೆ ಒಂದು. ಮಳೆನೀರು ಒಂದೇ ಮೂಲೆಗೆ ಹರಿಯುವ ಹಾಗೆ ಇಳಿಜಾರು. ಅವರ ತಾರಸಿ ಸಾವಿರ ಚದರಡಿ, ಒಂದು ಮಿಲಿಮೀಟರ್ ಮಳೆ ಬಿದ್ದರೂ 93 ಲೀಟರ್. ಪಶ್ಚಿಮದ ಕೋಣೆಯ ದೊಡ್ಡ ಕಿಟಕಿ ಇನ್ನೂ ಕೂರಿಸಿಲ್ಲ, ಅದನ್ನು ಅರ್ಧ ಮಾಡಿ. ಕ್ಯೂರಿಂಗ್ ಮುಗಿದ ಮೇಲೆ ಬಿಳಿ ಚೂರು, ದುಡ್ಡು ಸಾಲದಿದ್ದರೆ ಸುಣ್ಣ.

ಸಂಜೆ ಮತ್ತೆ ಬಂದರು. ಮೇಸ್ತ್ರಿ ಕೊಳವೆ ಬಿಡಲು ಒಪ್ಪಿದ್ದಾರಂತೆ, ಎರಡಿಂಚಿನ ಪೈಪು ಮಾತ್ರ ಅಂಗಡಿಯಲ್ಲಿ ಮುಗಿದಿದೆಯಂತೆ. ನಮ್ಮ ಮೆಟ್ಟಿಲ ಕೆಳಗೆ ಉಳಿದ ತುಂಡುಗಳಿವೆ. ನಾಳೆ ಏಳಕ್ಕೆ ಅಳೆದು ಕತ್ತರಿಸಿ ಕೊಡಬೇಕು.