ಓಡಿದರೆ ಮಂಡಿ ಸವೆಯಲ್ವಾ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೆ ಸಾಕು, ಯಾರಾದರೂ ಒಬ್ಬರು ಕೇಳುತ್ತಾರೆ. "ಈಗಲೂ ಓಡ್ತೀಯೇನೇ? ಮಂಡಿ ಸವೆದುಹೋಗಲ್ವಾ?" ಆಫೀಸಿನಲ್ಲಿ ಕೇಳುತ್ತಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಬರುವ ಹಿರಿಯರು ನಿಲ್ಲಿಸಿ ಕೇಳುತ್ತಾರೆ. ಮೊನ್ನೆ ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಆಮೇಲೆ ಅವರ ಸೊಸೆ ಫೋನ್ ಇಸ್ಕೊಂಡು ಅದನ್ನೇ ಬೇರೆ ದನಿಯಲ್ಲಿ ಕೇಳಿದಳು. "ಅಕ್ಕ, ನನಗೂ ಓಡಬೇಕು ಅಂತ ಆಸೆ. ಮಂಡಿದೇ ಭಯ." ಹೆಚ್ಚಾಗಿ ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. 39ನೇ ವಯಸ್ಸಿಗೆ ಓಡಲು ಶುರು ಮಾಡಿದವಳು. ಈಗ 48. ವಾರಕ್ಕೆ ನಾಲ್ಕು ದಿನ, ಎಲ್ಲ ಸೇರಿ ಮೂವತ್ತು ಕಿಲೋಮೀಟರ್ ಆಸುಪಾಸು ಓಡುತ್ತೇನೆ. ವರ್ಷಕ್ಕೆ ಒಂದೋ ಎರಡೋ ಹಾಫ್ ಮ್ಯಾರಥಾನ್, ಅಂದರೆ 21.1 ಕಿಲೋಮೀಟರ್. ಈ ಒಂಬತ್ತು ವರ್ಷದಲ್ಲಿ ಓದಿದ್ದು, ಕೇಳಿದ್ದು, ಪೆಟ್ಟು ತಿಂದು ಕಲಿತದ್ದು ಇಷ್ಟು: ನಮ್ಮಂಥವರು ಓಡುವ ಓಟದಿಂದ ಮಂಡಿ ಸವೆಯುವುದಿಲ್ಲ. ಮಂಡಿ ನೋಯುವುದು ಅವಸರ ಮಾಡಿದಾಗ.

"ಸವೆಯುತ್ತೆ" ಅನ್ನುವಾಗ ನಮ್ಮ ತಲೆಯಲ್ಲಿ ಸ್ಕೂಟರಿನ ಟೈರ್ ಇರುತ್ತದೆ. ಜಾಸ್ತಿ ಓಡಿಸಿದರೆ ಬೇಗ ಸವೆಯುತ್ತದೆ, ಮನೆಯಲ್ಲಿ ನಿಲ್ಲಿಸಿದರೆ ಹಾಗೇ ಇರುತ್ತದೆ. ಆದರೆ ಮಂಡಿಗೆ ಜೀವ ಇದೆ. ಎಲುಬಿನ ತುದಿಗೆ ಮೆತ್ತೆಯ ಹಾಗೆ ಕಾರ್ಟಿಲೇಜ್ ಇರುತ್ತದೆ. ಅದಕ್ಕೆ ರಕ್ತನಾಳವೇ ಇಲ್ಲ. ಹಾಗಾದರೆ ಊಟ ಹೇಗೆ? ಭಾರ ಬಿದ್ದಾಗ ಅದು ಸ್ಪಂಜಿನಂತೆ ಅದುಮಿಕೊಳ್ಳುತ್ತದೆ, ಭಾರ ಹೋದಾಗ ಸುತ್ತಲಿನ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಹೀಗೆ ಅದುಮಿ ಬಿಡುವುದರಿಂದಲೇ ಅದಕ್ಕೆ ಬೇಕಾದ ಪೋಷಣೆ ಒಳಗೆ ಹೋಗುತ್ತದೆ. ಟೈರಿಗೆ ಈ ಭಾಗ್ಯ ಇಲ್ಲ.

2017ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು. ಮಂಡಿ ಅಥವಾ ಸೊಂಟದ ಕೀಲಿನ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇಕಡಾ 3.5 ಮಂದಿಗೆ ಇತ್ತು. ಓಡದೆ ಕೂತವರಲ್ಲಿ ಶೇಕಡಾ 10.2. ಸ್ಪರ್ಧೆಗೆಂದೇ ಓಡುವವರಲ್ಲಿ 13.3. ಈ ಅಂಕಿಗಳನ್ನು ನೋಡಿ ಓಟವೇ ಮಂಡಿಗೆ ಔಷಧಿ ಅಂತ ನಾನು ಹೇಳುವುದಿಲ್ಲ. ಮಂಡಿ ನೋವು ಬಂದವರು ಓಟ ಬಿಟ್ಟು "ಕೂತವರ" ಗುಂಪಿಗೆ ಸೇರಿರಬಹುದು ಅಲ್ವಾ? ಆದರೆ ನಮ್ಮಂಥವರ ಓಟವೇ ಮಂಡಿ ತಿನ್ನುವುದಾಗಿದ್ದರೆ ಲೆಕ್ಕ ಹೀಗೆ ಬರುತ್ತಿರಲಿಲ್ಲ. 2014ರ ಇನ್ನೊಂದು ಅಧ್ಯಯನ ನನಗೆ ತುಂಬಾ ಇಷ್ಟ. ಓಡುವಾಗ ಒಂದೊಂದು ಹೆಜ್ಜೆಗೆ ಮಂಡಿ ಮೇಲೆ ಬೀಳುವ ಭಾರ ನಡೆಯುವಾಗಿನದಕ್ಕಿಂತ ಜಾಸ್ತಿ, ನಿಜ. ಆದರೆ ಓಡುವಾಗ ಹೆಜ್ಜೆ ಉದ್ದ, ಕಾಲು ನೆಲದ ಮೇಲೆ ಇರುವ ಹೊತ್ತು ಕಡಿಮೆ. ಒಂದು ಕಿಲೋಮೀಟರಿಗೆ ಒಟ್ಟು ಲೆಕ್ಕ ಹಾಕಿದರೆ ನಡೆದರೂ ಓಡಿದರೂ ಮಂಡಿ ಹೊರುವ ಭಾರ ಹೆಚ್ಚುಕಡಿಮೆ ಒಂದೇ.

ನಮ್ಮ ಅಮ್ಮ ಜೀವಮಾನದಲ್ಲಿ ಓಡಿದವರಲ್ಲ. ಬಸ್ ಹಿಡಿಯೋಕೂ ಓಡಿಲ್ಲ. ಅವರ ಎರಡೂ ಮಂಡಿ ಸವೆದಿವೆ. ವಯಸ್ಸು, ತೂಕ, ಮನೆತನದಿಂದ ಬಂದದ್ದು, ಹಳೇ ಪೆಟ್ಟು, ಶಕ್ತಿ ಕಳೆದುಕೊಂಡ ತೊಡೆ. ಸವೆತಕ್ಕೆ ಇಷ್ಟೆಲ್ಲ ಕಾರಣಗಳಿವೆ. ಅಮ್ಮ ನೆಲದಿಂದ ಏಳಲು ಗೋಡೆ ಹಿಡಿಯುವುದನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆ ಆಗುವುದು ಕೂತೇ ಇರುವುದರ ಬಗ್ಗೆ.

ಹಾಗಂತ ನನಗೆ ಮಂಡಿ ನೋವು ಬಂದೇ ಇಲ್ಲ ಅಂದರೆ ಸುಳ್ಳಾಗುತ್ತದೆ.

ಶ್ರೀರಂಗಪಟ್ಟಣದ ಹತ್ತಿರ ನಾಲೆ ಏರಿ ಮೇಲೆ ನಡೆಯುವ ಕಾವೇರಿ ಟ್ರೈಲ್ ಮ್ಯಾರಥಾನ್‌ಗೆ ಒಂದು ವರ್ಷ ಹೆಸರು ಕೊಟ್ಟಿದ್ದೆ, ಅದರ ಹಾಫ್ ಓಟಕ್ಕೆ. ಮಣ್ಣಿನ ದಾರಿ, ಪಕ್ಕದಲ್ಲಿ ನೀರು, ಆಚೆ ಗದ್ದೆ. ತುಂಬಾ ದಿನದ ಆಸೆ ಅದು. ಆದರೆ ಮನೆಯಲ್ಲಿ ಮದುವೆ, ಹಿಂದೆಯೇ ಹಬ್ಬ ಅಂತ ಮೂರು ವಾರ ಅಭ್ಯಾಸ ತಪ್ಪಿತು. ಆ ತಿಂಗಳಲ್ಲಿ ಓಡಿದ ಅತಿ ಉದ್ದದ ಓಟ 11 ಕಿಲೋಮೀಟರ್. ರೇಸಿಗೆ ಏಳೇ ವಾರ ಉಳಿದಿತ್ತು. ಕಳೆದುಕೊಂಡದ್ದನ್ನು ಒಂದೇ ಭಾನುವಾರ ವಸೂಲಿ ಮಾಡುತ್ತೇನೆ ಅಂತ ಹೊರಟೆ. ಚಾಮುಂಡಿ ಬೆಟ್ಟ ಹತ್ತಿ ಇಳಿದು, ಒಟ್ಟು 18 ಕಿಲೋಮೀಟರ್. ಊರಿನಿಂದ ಬೆಟ್ಟದ ತುದಿಗೆ ಸುಮಾರು 300 ಮೀಟರ್ ಏರು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಎಡ ಮಂಡಿಯ ಹೊರಮಗ್ಗುಲಲ್ಲಿ ಯಾರೋ ಸೂಜಿ ಇಟ್ಟ ಹಾಗಾಯಿತು. ಮನೆ ಮುಟ್ಟುವಾಗ ಕುಂಟುತ್ತಿದ್ದೆ.

ಮುಂದಿನ ವಾರ ಮತ್ತೆ ಓಡಿದೆ. ನಾಲ್ಕು ಕಿಲೋಮೀಟರ್ ಚೆನ್ನಾಗಿತ್ತು, ಐದಕ್ಕೆ ಅದೇ ಸೂಜಿ. ಇನ್ನೆರಡು ದಿನ ಬಿಟ್ಟು ಓಡಿದೆ, ಮತ್ತೆ ಐದಕ್ಕೇ. ನಡೆದರೆ ನೋವಿಲ್ಲ, ಮೆಟ್ಟಿಲು ಇಳಿದರೆ ನೋವು. ಫಿಸಿಯೋ ನೋಡಿದ ತಕ್ಷಣ ಹೇಳಿದರು, "ಇದು ಐಟಿ ಬ್ಯಾಂಡ್." ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಇಳಿದು ಮಂಡಿಯ ಕೆಳಗೆ ಅಂಟಿಕೊಳ್ಳುವ ಅಗಲವಾದ ಪಟ್ಟಿ ಅದು. ಇಳಿಜಾರಿನಲ್ಲಿ ಅದಕ್ಕೆ ಕೆಲಸ ಜಾಸ್ತಿ. ಅವರು ಮಂಡಿಯನ್ನು ಮುಟ್ಟಿ ನೋಡಿದ್ದು ಎರಡು ನಿಮಿಷ. ಉಳಿದ ಹೊತ್ತೆಲ್ಲ ನನ್ನ ಸೊಂಟದ ಬದಿಯ ಸ್ನಾಯುಗಳನ್ನು ಪರೀಕ್ಷೆ ಮಾಡಿದರು. ಒಂಟಿ ಕಾಲಲ್ಲಿ ಅರ್ಧ ಬಸ್ಕಿ ಹೊಡೆಯಿರಿ ಅಂದರು. ನನ್ನ ಮಂಡಿ ಒಳಗೆ ವಾಲಿತು. ಅಷ್ಟು ವರ್ಷ ಓಡಿದ್ದೆ, ಒಂದು ದಿನವೂ ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿರಲಿಲ್ಲ.

ಆ ಸಲ ರೇಸ್ ಓಡಲಿಲ್ಲ. ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ, ಬಿಬ್, ಈಗಲೂ ಬೀರುವಿನಲ್ಲಿದೆ. ಮುಂದಿನ ವರ್ಷ ಓಡಿದೆ, 2 ಗಂಟೆ 31 ನಿಮಿಷ. ಮಂಡಿ ಸುಮ್ಮನಿತ್ತು.

ಅವಸರ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓಡಲು ಶುರು ಮಾಡಿದ ಕೆಲವೇ ವಾರದಲ್ಲಿ ಉಸಿರು ಹದಕ್ಕೆ ಬರುತ್ತದೆ. ಸ್ನಾಯುಗಳಿಗೆ ಒಂದೆರಡು ತಿಂಗಳು ಬೇಕು. ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ ಇವೆಲ್ಲ ಗಟ್ಟಿಯಾಗಲು ಎಷ್ಟೋ ತಿಂಗಳು ಬೇಕು. ಅಪಾಯ ಇರುವುದು ಇಲ್ಲೇ. ಎರಡನೇ ತಿಂಗಳಲ್ಲಿ ಎದೆ "ಇನ್ನೂ ಓಡು" ಅನ್ನುತ್ತದೆ, ಕಾಲು ಇನ್ನೂ ತಯಾರಾಗಿರುವುದಿಲ್ಲ. ಹೊಸಬರಿಗೆ ಪೆಟ್ಟಾಗುವುದನ್ನು ನಾನು ಹೆಚ್ಚು ನೋಡಿರುವುದು ಈ ಹೊತ್ತಿನಲ್ಲೇ. ಓಟ ಕಷ್ಟ ಅನ್ನಿಸುತ್ತಿದ್ದಾಗ ಅಲ್ಲ, ಸುಲಭ ಅನ್ನಿಸತೊಡಗಿದಾಗ.

ಓಟವನ್ನು ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನೆದರ್ಲೆಂಡ್ಸಿನಲ್ಲಿ 2008ರಲ್ಲಿ ಇದನ್ನು ಪರೀಕ್ಷೆ ಮಾಡಿದರು. 500ಕ್ಕೂ ಹೆಚ್ಚು ಹೊಸ ಓಟಗಾರರಲ್ಲಿ ಒಂದು ಗುಂಪು 13 ವಾರ ನಿಧಾನವಾಗಿ ಏರಿಸಿತು, ಇನ್ನೊಂದು 8 ವಾರದಲ್ಲಿ. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ಪೆಟ್ಟಾಯಿತು. ಅಂದರೆ ವಾರದ ಲೆಕ್ಕ ಒಂದೇ ಕಾಪಾಡುವುದಿಲ್ಲ. 2025ರಲ್ಲಿ ಬಂದ, 5,000ಕ್ಕೂ ಹೆಚ್ಚು ಓಟಗಾರರ ಅಧ್ಯಯನ ನನ್ನ ಕಣ್ಣು ತೆರೆಸಿತು. ಹಿಂದಿನ 30 ದಿನದಲ್ಲಿ ನೀವು ಓಡಿದ ಅತಿ ಉದ್ದದ ಓಟಕ್ಕಿಂತ ಒಂದೇ ದಿನ ಶೇಕಡಾ 10ಕ್ಕಿಂತ ಜಾಸ್ತಿ ಓಡಿದರೆ ಪೆಟ್ಟಿನ ಸಾಧ್ಯತೆ ಏರುತ್ತದೆ. ನನ್ನ 11 ಮತ್ತು 18 ನೆನಪಾಯಿತು. ಈಗ ನಾನು ನೋಡುವುದು ಇದನ್ನೇ. ಈ ತಿಂಗಳು 10 ಓಡಿದ್ದರೆ ಮುಂದಿನದು 11. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸುತ್ತೇನೆ. ಜ್ವರ ಬಂದು ಎರಡು ವಾರ ತಪ್ಪಿದರೆ ತಪ್ಪಿತು. ಅದನ್ನು ಭಾನುವಾರ ವಸೂಲಿ ಮಾಡುವ ಹಾಗಿಲ್ಲ.

ಇನ್ನು ನೋವಿನ ಮಾತು. ಓಡುವವರಿಗೆ ನೋವೇ ಇರುವುದಿಲ್ಲ ಅಂತಲ್ಲ, ಯಾವ ನೋವು ಏನು ಹೇಳುತ್ತಿದೆ ಅಂತ ತಿಳಿದಿರಬೇಕು. ಫಿಸಿಯೋ ಕಲಿಸಿದ ಲೆಕ್ಕ ಇದು: ಹತ್ತಕ್ಕೆ ಮೂರರೊಳಗಿನ ನೋವು, ಓಡುತ್ತಾ ಏರಬಾರದು, ಮಾರನೇ ಬೆಳಗ್ಗೆ ಹೊತ್ತಿಗೆ ಇಳಿದಿರಬೇಕು. ಹಾಗಿದ್ದರೆ ಓಡಬಹುದು. ಹೆಜ್ಜೆ ಹಾಕುವ ರೀತಿಯೇ ಬದಲಾದರೆ, ಸ್ವಲ್ಪ ಕುಂಟಿದರೂ, ಅಲ್ಲಿಗೇ ನಿಲ್ಲಿಸಬೇಕು. ಆಟೋ ಹಿಡಿದು ಮನೆಗೆ ಬರಬೇಕು. ನಾನು ಓಡಲು ಹೋಗುವಾಗ ಫೋನ್ ಕವರಿನಲ್ಲಿ ಇನ್ನೂರು ರೂಪಾಯಿ ಇರುತ್ತದೆ, ಇದಕ್ಕಾಗಿಯೇ.

ತೊಡೆ, ಮೀನಖಂಡ ಎರಡೂ ಕಾಲಲ್ಲಿ ಒಂದೇ ಥರ ಬಿಗಿದು ನೋಯುತ್ತಿದ್ದರೆ ಅದು ಕೆಲಸದ ನೋವು, ಎರಡು ಮೂರು ದಿನಕ್ಕೆ ಹೋಗುತ್ತದೆ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ಅಡಿ ಚುಚ್ಚಿದರೆ ಅಂಗಾಲಿನ ಪಟ್ಟಿ ದಣಿದಿದೆ. ಹಿಮ್ಮಡಿಯ ಮೇಲಿನ ಹುರಿ ಬೆಳಗ್ಗೆ ಬಿಗಿದುಕೊಂಡಿದ್ದರೆ ಅದು ಅಕಿಲೀಸ್ ಅನ್ನುವ ಹುರಿಯ ನೋವು. ಅದಕ್ಕೆ ಸ್ವೀಡನ್ನಿನ ಡಾಕ್ಟರ್ ಹಾಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಉಪಾಯ ಈಗಲೂ ನಡೆಯುತ್ತಿದೆ. ಮೆಟ್ಟಿಲಂಚಿನಲ್ಲಿ ಬೆರಳ ಮೇಲೆ ನಿಂತು ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವುದು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಡಿಸಿ ಮೂರು ಸಲ, ದಿನಕ್ಕೆರಡು ಹೊತ್ತು, 12 ವಾರ. ಹೌದು, 12 ವಾರ. ಮೂರನೇ ವಾರಕ್ಕೆ "ಏನೂ ಆಗ್ತಿಲ್ಲ" ಅಂತ ಬಿಡುವವರೇ ಹೆಚ್ಚು.

ನಾನು ನಿಜಕ್ಕೂ ಹೆದರುವುದು ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ನೋವಿಗೆ. ಉದ್ದಕ್ಕೂ ಗೇಣಗಲ ನೋವಿದ್ದರೆ ಓಟ ಇಳಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ಒಂದೇ ಬೆರಳಿನಿಂದ "ಇಲ್ಲೇ" ಅಂತ ತೋರಿಸಬಹುದಾದ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಅದರ ಮೇಲೆ ಓಡಿದರೆ ಪೂರಾ ಮುರಿಯಬಹುದು. ಮೊದಮೊದಲು ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೆಯೂ ಇರಬಹುದು. ಎಕ್ಸ್‌ರೇ ಸರಿಯಿದೆ ಅಂತ ಮಾರನೇ ದಿನವೇ ಓಡಬೇಡಿ. ಹಾಗೆಯೇ ಮಂಡಿ ಊದಿಕೊಂಡರೆ, ಅರ್ಧಕ್ಕೆ ಸಿಕ್ಕಿಕೊಂಡರೆ, ನಿಂತಾಗ ಕೈಕೊಟ್ಟರೆ, ಮೊದಲೇ ಮಂಡಿ ಆಪರೇಷನ್ ಆಗಿದ್ದರೆ, ಡಾಕ್ಟರ್ ಹತ್ತಿರ ಹೋಗಿ. ಇಂಥದ್ದಕ್ಕೆ ನನ್ನ ಮಾತು ಸಾಲದು.

ನೋವಿನ ಮಾತ್ರೆ ನುಂಗಿ ಓಡುವುದನ್ನು ದಯವಿಟ್ಟು ಮಾಡಬೇಡಿ. ನೀರು ಕಡಿಮೆಯಾದ ಮೈಗೆ ಐಬುಪ್ರೊಫೇನ್ ಥರದ ಮಾತ್ರೆ ಮೂತ್ರಪಿಂಡಕ್ಕೆ ಹೊರೆ. ಅಮ್ಮ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಹಾಯೆನಿಸುತ್ತದೆ, ನಾನು ಬೇಡ ಅನ್ನುವುದಿಲ್ಲ. ಆದರೆ ಬಲ ಬರುವುದು ಬಸ್ಕಿಯಿಂದ. ದೋಸೆ ಕಾವಲಿ ಕಾಯುವಷ್ಟರಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಬಹುದು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಬಹುದು. ವಾರಕ್ಕೆರಡು ದಿನ ಬಸ್ಕಿ, ಮಗ್ಗುಲಲ್ಲಿ ಮಲಗಿ ಕಾಲೆತ್ತುವುದು, ಸೊಂಟ ಎತ್ತುವುದು. ಇಪ್ಪತ್ತು ನಿಮಿಷದ ಕೆಲಸ. ಹೆಜ್ಜೆಯನ್ನು ಸ್ವಲ್ಪ ಚಿಕ್ಕದು ಮಾಡಿ, ನಿಮಿಷಕ್ಕೆ ಐದಾರು ಪರ್ಸೆಂಟ್ ಜಾಸ್ತಿ ಹಾಕಿದರೂ ಮಂಡಿಯ ಭಾರ ಇಳಿಯುತ್ತದೆ. ಶೂ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹಾಕಿ ಓಡಿದಾಗ ಹಿತವಾಗಿದ್ದರೆ ಅದು ನಿಮ್ಮ ಶೂ.

ರೇಸಿನ ವಾರ ಬಂದರೆ ಹೊಸದೇನೂ ಬೇಡ. ಹೊಸ ಶೂ, ಹೊಸ ಕಾಲುಚೀಲ, ಓಡುವಾಗ ಶಕ್ತಿಗೆಂದು ತಿನ್ನುವ ಹೊಸ ಜೆಲ್ ಬೇಡ. ಕೊನೆಯ ಎರಡು ವಾರ ಓಟ ಇಳಿಸಿ. ಆಗ ಸುಮ್ಸುಮ್ನೆ ಎಲ್ಲೆಲ್ಲೋ ನೋವು ಕಾಣಿಸುತ್ತದೆ, ನನಗೆ ಪ್ರತಿ ಸಲವೂ ಕಾಣಿಸುತ್ತದೆ, ಗಾಬರಿ ಬೇಡ. ಹಿಂದಿನ ರಾತ್ರಿ ನಾನು ಅನ್ನ ಸಾರು ತಿನ್ನುತ್ತೇನೆ. ಬೆಳಗ್ಗೆ ಬಾಳೆಹಣ್ಣು, ಸ್ವಲ್ಪ ಕಾಫಿ. ನೀರು ಬಾಯಾರಿದಷ್ಟು ಮಾತ್ರ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ಅತಿಯಾಗಿ ನೀರು ಕುಡಿದದ್ದು. ನಾಲೆ ಏರಿಯ ಬಿಸಿಲಲ್ಲಿ ಓಡಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆ ಎಷ್ಟು ರುಚಿ ಅಂತ ಕುಡಿದವರಿಗೇ ಗೊತ್ತು.

ಚಿಕ್ಕಮ್ಮನ ಸೊಸೆಗೆ ಇಷ್ಟೆಲ್ಲ ಒಂದೇ ಸಲ ಹೇಳಿಲ್ಲ. ಅವಳಿಗೆ ಈಗ 34, ಎರಡನೇ ಮಗುವಿಗೆ ಮೂರು ವರ್ಷ. ಬರುವ ಸೋಮವಾರ ಆರು ಗಂಟೆಗೆ ಕುಕ್ಕರಹಳ್ಳಿ ಗೇಟಿನ ಹತ್ತಿರ ಬಾ ಅಂದಿದ್ದೇನೆ. ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ, ಆರು ಸಲ. ಓಡುವಾಗ ಮಾತಾಡಲು ಆಗಬೇಕು, ಅಷ್ಟು ನಿಧಾನ. ಎರಡು ವಾರ ಅದನ್ನೇ, ಅವಳು "ಇನ್ನೂ ಓಡಬಹುದು ಅಕ್ಕ" ಅಂದರೂ ಅದನ್ನೇ. ಚಿಕ್ಕಮ್ಮನೂ ಜೊತೆಗೆ ಬರುತ್ತಾರಂತೆ, ಸೊಸೆಯ ಮಂಡಿ ನೋಡಿಕೊಳ್ಳೋಕೆ. ಅವರಿಗೆ ನಡೆಯೋಕೆ ಏರಿಯ ನೆರಳಿನ ಬದಿ ತೋರಿಸುತ್ತೇನೆ.