ಪ್ರಾರ್ಥನೆಯಿಂದ ನಿಮಗೆ ನಿಜವಾಗಿ ಗುಣವಾಯಿತೇ?

ಈ ಪ್ರಶ್ನೆಯನ್ನು ಜನ ಎರಡು ದನಿಯಲ್ಲಿ ಕೇಳುತ್ತಾರೆ. ಚರ್ಚಿನ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕೂರುವವರು ಕೇಳುವಾಗ "ಹೌದು" ಎಂಬ ಉತ್ತರವನ್ನು ತಾವೇ ಸಿದ್ಧ ಮಾಡಿಕೊಂಡಿರುತ್ತಾರೆ. ನಾನು ತಲೆಯಾಡಿಸಿದರೆ ಸಾಕು, ಸಾಕ್ಷಿ ಹೇಳಲು ಎಬ್ಬಿಸಿ ನಿಲ್ಲಿಸಿಬಿಡುತ್ತಾರೆ. ಕಚೇರಿಯಲ್ಲಿ ಕೇಳುವವರ ಹುಬ್ಬು ಸ್ವಲ್ಪ ಮೇಲೇರಿರುತ್ತದೆ. ಇಬ್ಬರಿಗೂ ಇದುವರೆಗೆ ಅರ್ಧರ್ಧ ಉತ್ತರ ಕೊಟ್ಟು ಜಾರಿಕೊಂಡಿದ್ದೇನೆ. ಈಗ ಪೂರ್ತಿಯಾಗಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಟ್ಟರಾಯಿತು.

ಮೊದಲು ಕೈಗಳ ವಿಷಯ. ನನಗಿರುವುದು ರುಮಟಾಯ್ಡ್ ಸಂಧಿವಾತ. ವಯಸ್ಸಾದಂತೆ ಬರುವ ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಹೆಚ್ಚಾಗಿ ಎರಡೂ ಕೈಗಳನ್ನು ಒಟ್ಟಿಗೇ ಹಿಡಿಯುತ್ತದೆ. ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು ಅದಕ್ಕೆ ಬೇಕು. ಉಗುರಿನ ಹತ್ತಿರದ ಗೆಣ್ಣನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ಎಚ್ಚರವಾದಾಗ ನನ್ನ ಕೈಗಳು ಬೇರೆ ಯಾರೋ ಬಿಟ್ಟುಹೋದ ಕೈಗಳಂತೆ ಹೊದಿಕೆಯ ಮೇಲೆ ಬಿದ್ದಿರುತ್ತಿದ್ದವು. ಬೆರಳು ಮಡಚಲು ಒಂದು ಗಂಟೆಯಾದರೂ ಬೇಕಾಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು, ಮಾತ್ರೆಯ ಡಬ್ಬಿಯ ಮುಚ್ಚಳ ತಿರುಗಿಸಲು ಯಾರನ್ನಾದರೂ ಕರೆಯಬೇಕಿತ್ತು. ಕೀಲುನೋವಿನ ಮಾತ್ರೆಯನ್ನು ಕೀಲುನೋವಿದ್ದವರು ತೆರೆಯಲಾಗದ ಡಬ್ಬಿಯಲ್ಲಿ ತುಂಬಿಸಿದ ಪುಣ್ಯಾತ್ಮರಿಗಾಗಿಯೂ ನಾನು ದೇವರಿಗೆ ಮೊರೆಯಿಟ್ಟಿದ್ದೇನೆ. ಆ ಮಾತುಗಳು ಇಲ್ಲಿ ಬೇಡ.

ವೈದ್ಯರು ಮೆಥೋಟ್ರೆಕ್ಸೇಟ್ ಬರೆದುಕೊಟ್ಟರು. ವಾರಕ್ಕೆ ಒಮ್ಮೆ ಮಾತ್ರ ನುಂಗುವ ಔಷಧ. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ಇದರ ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ ಎಂದು ಅವರು ಎರಡೆರಡು ಸಲ ಹೇಳಿದ್ದರು. ನಾನು ಕಾಯಲಿಲ್ಲ. ಐದನೆಯ ವಾರದಲ್ಲಿ, ನೋವು ಒಂದಿಷ್ಟೂ ಕಡಿಮೆಯಾಗದೆ ಕಂಗೆಟ್ಟಿದ್ದಾಗ, ನಾನು ಬಹಳ ಗೌರವಿಸುತ್ತಿದ್ದ ಒಬ್ಬ ಹಿರಿಯರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ದೇವರು ತನ್ನ ಕೆಲಸ ಮಾಡಿದ್ದಾನೆ. ಇನ್ನು ಮಾತ್ರೆ ನುಂಗಿದರೆ ಆತನನ್ನು ನಂಬಲಿಲ್ಲ ಎಂದಾಗುತ್ತದೆ. ನಿನ್ನಲ್ಲಿ ಕೊರತೆ ಇರುವುದು ನಂಬಿಕೆಯದು."

ನಾನು ಮಾತ್ರೆ ನಿಲ್ಲಿಸಿದೆ. ಎಂಟು ತಿಂಗಳು.

ಆ ಎಂಟು ತಿಂಗಳು ನಾನು ಪ್ರಾರ್ಥಿಸಿದಷ್ಟು ಹಿಂದೆಂದೂ ಪ್ರಾರ್ಥಿಸಿರಲಿಲ್ಲ. ಎಲ್ಲವೂ ನನ್ನ ಬಗ್ಗೆ, ನನ್ನ ಕೀಲುಗಳ ಬಗ್ಗೆ, ನನ್ನ ನಂಬಿಕೆ ಸಾಲದ ಬಗ್ಗೆ. ಹುಣ್ಣು ಒಣಗಿತೇ ಎಂದು ಗಳಿಗೆಗೊಮ್ಮೆ ಪಟ್ಟಿ ಬಿಚ್ಚಿ ನೋಡುವ ಮಗುವಿನಂತೆ, ಪ್ರತಿ "ಆಮೆನ್" ಆದ ಕೂಡಲೇ ಬೆರಳು ಮಡಚಿ ನೋಡುತ್ತಿದ್ದೆ. ಎಡಗೈಯ ಉಂಗುರದ ಬೆರಳು ಆ ಅವಧಿಯಲ್ಲೇ ವಾಲಿತು. ಎಕ್ಸ್‌ರೇಯಲ್ಲಿ ಗೆಣ್ಣಿನ ಅಂಚು ಇಲಿ ಕಡಿದಂತೆ ಕಂಡಿತು. ಹಾಗೆ ಸವೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ.

ಪರರಿಗಾಗಿ ಪ್ರಾರ್ಥಿಸುವುದರ ಬಗ್ಗೆ ಮಾತು ಬಂದಾಗಲೆಲ್ಲ ಜನ ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ತೆಗೆಯುತ್ತಾರೆ: ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಆಗ ಸ್ವಸ್ಥರಾಗುವಿರಿ ಎಂಬ ಮಾತು. ಅದೇ ವಾಕ್ಯದ ಮೊದಲರ್ಧವನ್ನು ನುಂಗಿಬಿಡುತ್ತಾರೆ. ಅಲ್ಲಿ ಪ್ರಾರ್ಥನೆಗಿಂತ ಮುಂಚೆ ಇನ್ನೊಂದು ಕೆಲಸ ಹೇಳಿದೆ: ತಪ್ಪುಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳುವುದು. ನನ್ನ ತಪ್ಪೊಪ್ಪಿಗೆ ನಡೆದದ್ದು ವೈದ್ಯರ ಕೋಣೆಯಲ್ಲಿ. "ಎಂಟು ತಿಂಗಳಿನಿಂದ ಮಾತ್ರೆ ನುಂಗಿಲ್ಲ, ನಿಮಗೆ ಸುಳ್ಳು ಹೇಳಿದ್ದೇನೆ" ಎಂದಾಗ ಅವರು ಬೈಯುತ್ತಾರೆಂದು ಕಾದೆ. ಅವರು ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದು, "ಸರಿ, ಇವತ್ತಿನಿಂದ ಶುರು ಮಾಡೋಣ" ಎಂದರು. ಪಾಪವಿಮೋಚನೆಯ ಮಾತುಗಳಲ್ಲಿ ನಾನು ಕೇಳಿದ ಅತಿ ಚಿಕ್ಕದು ಅದೇ. ದೇವರು ಆ ಕೋಣೆಯಲ್ಲಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದ್ದರಿಂದ ಉತ್ತರದ ಮೊದಲ ಭಾಗ ಇಷ್ಟು: ನನ್ನ ಊತ ಇಳಿಸಿದ್ದು ಔಷಧ. ದಯವಿಟ್ಟು ಯಾರೂ ನನ್ನ ಹೆಸರು ಹೇಳಿಕೊಂಡು ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಲು ಹೇಳಲೂ ಬೇಡಿ.

ಎರಡನೆಯ ಭಾಗ ಅಷ್ಟು ಸಲೀಸಲ್ಲ. ಅದನ್ನು ಹೇಳಬೇಕಾದರೆ ಒಬ್ಬ ಗೆಳತಿಯ ವಿಷಯ ಹೇಳಬೇಕು. ಹೆಸರು ಬೇಡ. ಅವಳಿಗೆ ಕ್ಯಾನ್ಸರ್. ನಾನು ಮತ್ತೆ ಔಷಧ ಶುರು ಮಾಡಿದ ಹೊತ್ತಿಗೆ ಅವಳ ಚಿಕಿತ್ಸೆ ಕೊನೆಯ ಹಂತ ತಲುಪಿತ್ತು. ನೋಡಲು ಹೋದವರೆಲ್ಲ ಮಾಡುವಂತೆ ನಾನೂ ಮಂಚದ ಪಕ್ಕ ನಿಂತು ದೊಡ್ಡ ದೊಡ್ಡ ಪದಗಳಲ್ಲಿ ಪ್ರಾರ್ಥನೆ ಶುರು ಮಾಡಿದೆ: ಸಂಪೂರ್ಣ ಸ್ವಸ್ಥತೆ, ಅದ್ಭುತ, ಮಹಿಮೆ. ಅವಳು ಕಣ್ಣು ತೆರೆದು ನನ್ನ ಮಣಿಕಟ್ಟು ಹಿಡಿದಳು. ಬೆರಳು ಹಿಡಿದರೆ ನನಗೆ ನೋಯುತ್ತದೆಂದು ಅವಳಿಗೆ ನೆನಪಿತ್ತು.

"ಅದೆಲ್ಲ ಬೇಡ ಮಾರಾಯ್ತಿ. ಇವತ್ತು ರಾತ್ರಿ ಎರಡು ಗಂಟೆ ನಿದ್ದೆ ಬರಲಿ ಅಂತ ಕೇಳು. ಅಷ್ಟು ಸಾಕು."

ಹದಿನೈದು ವರ್ಷಗಳಿಂದ ಪ್ರಾರ್ಥಿಸುತ್ತಿದ್ದ ನಾನು ಯಾರನ್ನೂ "ನಿನಗೇನು ಬೇಕು?" ಎಂದು ಕೇಳಿಯೇ ಇರಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬಾರ್ತಿಮಾಯನೆಂಬ ಕುರುಡ ದಾರಿಬದಿಯಲ್ಲಿ ಕೂಗಿಕೊಂಡಾಗ ಯೇಸು ಅವನನ್ನು ಕರೆಸಿ ಕೇಳುವುದು ಅದನ್ನೇ: ನಾನು ನಿನಗೇನು ಮಾಡಬೇಕು? ಕುರುಡನಿಗೆ ಏನು ಬೇಕೆಂದು ಎದುರಿಗಿದ್ದ ಎಲ್ಲರಿಗೂ ಗೊತ್ತು. ಆದರೂ ಕೇಳಿದ. ನಾನು ಆ ಭಾಗವನ್ನು ಎಷ್ಟೋ ಸಲ ಓದಿದ್ದೆ.

ಅವತ್ತು ರಾತ್ರಿ ಎರಡು ಗಂಟೆಯ ನಿದ್ದೆಗಾಗಿ ಕೇಳಿದೆ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನ ತಲೆಗೆ ಬಂದದ್ದು ನನ್ನ ಕೈಗಳಲ್ಲ. ಅವಳು ಮಲಗಿದಳೋ ಇಲ್ಲವೋ ಎಂಬುದು. ಒಂದೂವರೆ ಗಂಟೆ ಮಲಗಿದ್ದಳಂತೆ. ಅದನ್ನು ಕೇಳಲು ಮೊಬೈಲ್ ಎತ್ತಿಕೊಂಡಾಗಲೇ ಗೊತ್ತಾದದ್ದು, ಅವತ್ತು ನಾನು ಬೆರಳು ಮಡಚಿ ನೋಡಿಯೇ ಇರಲಿಲ್ಲ ಎಂದು. ಬೆರಳು ಎಂದಿನಂತೆಯೇ ಬಿಗಿದಿತ್ತು. ಅದನ್ನು ಕಾಯುತ್ತ ಕೂತಿದ್ದವಳು ಮಾತ್ರ ಅಲ್ಲಿರಲಿಲ್ಲ.

ಏಳು ವಾರಗಳ ನಂತರ ಅವಳು ತೀರಿಕೊಂಡಳು. ಅಷ್ಟರಲ್ಲಿ ಕೇಳಿಕೊಂಡದ್ದೆಲ್ಲ ಇಂಥವೇ: ವಾಂತಿ ನಿಲ್ಲಲಿ, ಮಗಳ ಪರೀಕ್ಷೆಯ ದಿನ ತಾನು ಮಂಪರಿನಲ್ಲಿ ಇರದಿರಲಿ, ಅಕ್ಕನ ಜೊತೆ ಮಾತು ನೆಟ್ಟಗಾಗಲಿ. ಕೆಲವು ಈಡೇರಿದವು, ಕೆಲವು ಇಲ್ಲ. ಅಕ್ಕ ಬರಲಿಲ್ಲ.

ಬೆರಳುಗಳಿಗೆ ಹೆಸರು ಹಚ್ಚುವ ಅಭ್ಯಾಸ ಬಂದದ್ದು ಆ ದಿನಗಳಲ್ಲಿ. ಬೆಳಗಿನ ಬಿಗಿತ ಬಿಡುವ ತನಕ ಮಾಡಲು ಬೇರೆ ಕೆಲಸವಿಲ್ಲ; ಪುಸ್ತಕ ಹಿಡಿಯಲಾಗದು, ಹಾಳೆ ಮಗುಚಲಾಗದು. ಆದ್ದರಿಂದ ಒಂದೊಂದು ಗೆಣ್ಣಿಗೆ ಒಬ್ಬರನ್ನು ಕೂರಿಸಿದೆ. ಬಲಗೈ ತೋರುಬೆರಳಿನ ಬುಡಕ್ಕೆ ಗೆಳತಿ. ನಡುಬೆರಳಿಗೆ ಡಯಾಲಿಸಿಸ್‌ಗೆ ಹೋಗುವ ಒಬ್ಬ ಸಹೋದ್ಯೋಗಿ. ಕಿರುಬೆರಳಿಗೆ ಪಕ್ಕದ ಮನೆಯ ಹುಡುಗ, ಅವನಿಗೆ ಶಾಲೆಯೆಂದರೆ ಭಯ. ಗೆಣ್ಣನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಒತ್ತುತ್ತ ಹೆಸರು ಹೇಳುವುದು, ಅವರಿಗೆ ಇವತ್ತು ಏನಿದೆ ಎಂದು ನೆನಪಿಸಿಕೊಳ್ಳುವುದು. ನೆನಪಾಗದಿದ್ದರೆ ಕೇಳಿ ತಿಳಿದುಕೊಳ್ಳಬೇಕು. ಹಾಗಾಗಿ ನಾನು ಜನರಿಗೆ ಫೋನ್ ಮಾಡತೊಡಗಿದೆ. ಕಾಯಿಲೆ ಶುರುವಾದ ಮೇಲೆ ಯಾರೂ ನನ್ನನ್ನು ವಿಚಾರಿಸುವುದಿಲ್ಲ ಎಂದು ಮುನಿಸಿಕೊಂಡು ಕೂತಿದ್ದವಳು ನಾನು.

ಇಲ್ಲಿ ಒಂದು ಕಳ್ಳತನವನ್ನೂ ಹೇಳಿಬಿಡಬೇಕು. ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ಮಾತಿದೆ: ತನಗೆ ಬೇಕಾದದ್ದನ್ನೇ ಇನ್ನೊಬ್ಬನಿಗಾಗಿ ಬೇಡಿಕೊಂಡವನಿಗೆ ಮೊದಲು ಉತ್ತರ ಸಿಗುತ್ತದೆ. ಬೈಬಲಿನಲ್ಲಿ ಅಬ್ರಹಾಮನು ಅಬೀಮೆಲೆಕನೆಂಬ ರಾಜನ ಮನೆಯ ಹೆಂಗಸರ ಬಂಜೆತನ ನೀಗಲೆಂದು ಪ್ರಾರ್ಥಿಸಿದ ಮುಂದಿನ ಅಧ್ಯಾಯದಲ್ಲೇ, ಅದುವರೆಗೆ ಬಂಜೆಯಾಗಿದ್ದ ಅವನ ಹೆಂಡತಿ ಸಾರಳು ಬಸುರಾಗುತ್ತಾಳಲ್ಲ, ಅದನ್ನು ಅವರು ಸಾಕ್ಷಿಯಾಗಿ ತೋರಿಸುತ್ತಾರೆ. ಇದು ಗೊತ್ತಾದದ್ದೇ ತಡ, ನಾನು ಸಂಧಿವಾತ ಇರುವವರನ್ನೇ ಹುಡುಕಿ ಹುಡುಕಿ ಪಟ್ಟಿ ಮಾಡಿದೆ. ಅವರಿಗಾಗಿ ಕೇಳುವುದು, ಬಡ್ಡಿ ಸಮೇತ ನನಗೆ ಬರಲೆಂದು ಕಾಯುವುದು. ಮೂರು ವಾರ ನಡೆಸಿದೆ. ಮತ್ತೆ ಬೆರಳು ಮಡಚಿ ನೋಡುವ ಚಟ ಹತ್ತಿಕೊಂಡಿತು. ಆ ಪಟ್ಟಿಯಲ್ಲಿದ್ದವರ ಪೈಕಿ ಒಬ್ಬರ ಮುಖವೂ ನನಗೆ ಈಗ ನೆನಪಿಲ್ಲ.

ತಾಲ್ಮುದ್‌ನ ಆ ಮಾತಿಗೆ ಇನ್ನೊಂದು ಆಧಾರ ಬೈಬಲಿನ ಯೋಬನ ಪುಸ್ತಕದ 42ನೆಯ ಅಧ್ಯಾಯ: ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡಿದ್ದ ಯೋಬನು ತನ್ನ ಸ್ನೇಹಿತರಿಗಾಗಿ ಪ್ರಾರ್ಥಿಸಿದಾಗ ದೇವರು ಅವನ ಸ್ಥಿತಿಯನ್ನು ಮತ್ತೆ ನೆಟ್ಟಗೆ ಮಾಡಿದನು. ಎಲ್ಲ ಸಭೆಗಳಲ್ಲೂ ಇದನ್ನು ಸಿಹಿ ಹಂಚಿದಂತೆ ಹಂಚುತ್ತಾರೆ. ಆ ಸ್ನೇಹಿತರು ಯಾರು ಎಂಬುದನ್ನು ಮರೆಯುತ್ತಾರೆ. ಎಲೀಫಜ, ಬಿಲ್ದದ, ಚೋಫರ. ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿ ಮುಚ್ಚಿ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದೆಲ್ಲ ಒಂದೇ: ನಿನ್ನಲ್ಲೇ ಏನೋ ತಪ್ಪಿದೆ, ಅದಕ್ಕೇ ನಿನಗೆ ಹೀಗಾಗಿದೆ. ಯೋಬನು ಪ್ರಾರ್ಥಿಸಬೇಕಾಗಿ ಬಂದದ್ದು ಇವರಿಗಾಗಿ. ಮೈಯೆಲ್ಲ ಹುಣ್ಣಾಗಿದ್ದವನಿಗೆ ಪಾಪಿ ಎಂದವರಿಗಾಗಿ.

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಆ ಅಧ್ಯಾಯದಲ್ಲಿ ಕುರಿಗಳ ಲೆಕ್ಕವಿದೆ, ಒಂಟೆಗಳ ಲೆಕ್ಕವಿದೆ, ಮಕ್ಕಳಿದ್ದಾರೆ, ಆಮೇಲೆ ಬದುಕಿದ 140 ವರ್ಷಗಳ ಲೆಕ್ಕವೂ ಇದೆ. ಹುಣ್ಣು ವಾಸಿಯಾಯಿತೆಂದು ಒಂದು ಮಾತೂ ಇಲ್ಲ. ಆಗಿರಬೇಕು ಎಂದು ನಾವು ಊಹಿಸಿಕೊಳ್ಳುತ್ತೇವೆ, ಅಷ್ಟೇ.

ನನ್ನ ಹಿರಿಯರಿಗೆ ನಾನು ಒಂದು ಗೆಣ್ಣು ಕೊಡಲೇಬೇಕಾಯಿತು. ಯಾವುದೆಂದು ಯೋಚಿಸುವ ಅಗತ್ಯವಿರಲಿಲ್ಲ. ಎಡಗೈಯ ಉಂಗುರದ ಬೆರಳಿನದು. ಮೊದಮೊದಲು ನನ್ನ ಪ್ರಾರ್ಥನೆ ದೂರಿನ ಅರ್ಜಿಯಂತಿತ್ತು: "ದೇವರೇ, ಅವರಿಗೆ ಬುದ್ಧಿ ಕೊಡು, ತಾವು ಮಾಡಿದ್ದು ಎಂಥ ಅನಾಹುತ ಎಂದು ಅವರಿಗೆ ಗೊತ್ತಾಗುವಂತೆ ಮಾಡು, ನನ್ನ ಬೆರಳನ್ನು ಅವರು ಒಮ್ಮೆ ನೋಡುವಂತೆ ಮಾಡು." ಒಂದು ತಿಂಗಳ ಮೇಲೆ ಬೆರಳಿನ ಮಾತು ಬಿಟ್ಟುಹೋಯಿತು. ಅನಾಹುತದ ಮಾತು ಇನ್ನಷ್ಟು ದಿನ ಉಳಿಯಿತು. "ಬುದ್ಧಿ ಕೊಡು" ಎಂಬುದಂತೂ ಬಹಳ ಕಾಲ ಇತ್ತು, ಅದರಲ್ಲಿ ನನಗೊಂದು ರುಚಿಯೂ ಇತ್ತು. ಒಂದು ದಿನ ನೋಡಿದರೆ ಬರೀ ಹೆಸರು ಉಳಿದಿತ್ತು. ಕ್ಷಮಿಸಿದೆ ಎಂದು ನಾನು ಯಾವ ದಿನವೂ ತೀರ್ಮಾನ ಮಾಡಲಿಲ್ಲ. ಅವರಿಗೂ ಇದಾವುದೂ ಗೊತ್ತಿಲ್ಲ. ಎದುರಿಗೆ ಸಿಕ್ಕಿದರೆ ಈಗಲೂ ನನ್ನ ನಂಬಿಕೆಯ ಬಗ್ಗೆ ವಿಚಾರಿಸುತ್ತಾರೆ. ನಾನು ಅವರ ಬಿ.ಪಿ. ವಿಚಾರಿಸುತ್ತೇನೆ, ಮಾತ್ರೆ ತಪ್ಪಿಸಬೇಡಿ ಎನ್ನುತ್ತೇನೆ.

ಹುಬ್ಬೇರಿಸುವವರಿಗೂ ಒಂದು ಮಾತು, ಏಕೆಂದರೆ ಅವರು ಅಂಕಿಅಂಶ ಎತ್ತುತ್ತಾರೆ. ಎತ್ತಲಿ, ಅದು ಹೊಸತೇನಲ್ಲ. 1872ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ಇಡೀ ದೇಶವೇ ದೀರ್ಘಾಯುಷ್ಯ ಕೋರುವ ರಾಜರು ಉಳಿದ ಶ್ರೀಮಂತರಿಗಿಂತ ಬೇಗ ಸಾಯುತ್ತಾರೆ ಎಂದು ಲೆಕ್ಕ ಹಾಕಿ ತೋರಿಸಿದ್ದ. ಇನ್ನೂ ದೊಡ್ಡ ಲೆಕ್ಕ 2006ರದು. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ಜನರನ್ನು ಮೂರು ಗುಂಪು ಮಾಡಿದರು. ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದಷ್ಟೇ ತಿಳಿದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಸಿಕ್ಕವರ ಪೈಕಿ ಶೇ. 52 ಜನರಿಗೆ, ಸಿಗದವರ ಪೈಕಿ ಶೇ. 51 ಜನರಿಗೆ ಏನಾದರೊಂದು ತೊಡಕಾಯಿತು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ಹೇಳಲಾಗಿದ್ದ ಮೂರನೆಯ ಗುಂಪಿನಲ್ಲಿ ಶೇ. 59 ಜನರಿಗೆ.

ಇದನ್ನು ನನ್ನ ಬಾಯಿ ಮುಚ್ಚಿಸಲೆಂದು ತೋರಿಸುತ್ತಾರೆ. ನನಗೆ ಅದರಲ್ಲಿ ಮನಸ್ಸಿಗೆ ನಾಟಿದ್ದು ಬೇರೆ. ಪ್ರಾರ್ಥಿಸುವವರಿಗೆ ಕೊಟ್ಟಿದ್ದು ರೋಗಿಯ ಮೊದಲ ಹೆಸರು ಮತ್ತು ಉಪನಾಮದ ಒಂದು ಅಕ್ಷರ, ಜೊತೆಗೆ ಶಸ್ತ್ರಚಿಕಿತ್ಸೆ ಯಶಸ್ವಿಯಾಗಲಿ, ಬೇಗ ಚೇತರಿಸಿಕೊಳ್ಳಲಿ, ತೊಡಕಾಗದಿರಲಿ ಎಂಬ ಸಿದ್ಧವಾಕ್ಯ. ಹದಿನಾಲ್ಕು ದಿನ. ಪರೀಕ್ಷೆಗೆ ಅಂಥ ಕಟ್ಟುಪಾಡು ಬೇಕು, ಅವರ ತಪ್ಪಲ್ಲ. ಆದರೆ ಎರಡು ಗಂಟೆಯ ನಿದ್ದೆ ಕೇಳಲು ಆ 1,802 ಜನರಲ್ಲಿ ಯಾರಿಗೂ ಜಾಗವಿರಲಿಲ್ಲ. ಮೂರನೆಯ ಗುಂಪಿನ ಸಂಖ್ಯೆಯಿಂದಲೂ ನಾನು ಒಂದನ್ನು ಕಲಿತೆ: "ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ" ಎಂದು ರೋಗಿಯ ಮುಖಕ್ಕೆ ಹೇಳುವ ಮುನ್ನ ಯೋಚಿಸುತ್ತೇನೆ. ಇಷ್ಟು ಜನ ಪ್ರಾರ್ಥಿಸಬೇಕಾದರೆ ನನ್ನ ಸ್ಥಿತಿ ಎಷ್ಟು ಕೆಟ್ಟಿರಬೇಕು ಎಂದು ಮಲಗಿದವರಿಗೆ ಅನ್ನಿಸಬಹುದು. ಗುಣವಾಗಿ ತೋರಿಸಬೇಕಾದ ಹೊರೆಯೂ ಅವರ ಮೇಲೆ ಬೀಳಬಹುದು. ಆ ಹೊರೆ ಎಷ್ಟು ಭಾರ ಎಂದು ನನಗೆ ಗೊತ್ತು.

ಹಾಗಾದರೆ ಗುಣವಾಯಿತೇ? ನನ್ನ ಎಡಗೈ ಉಂಗುರದ ಬೆರಳು ಇವತ್ತಿಗೂ ವಾಲಿಯೇ ಇದೆ. ವಾರದ ಮಾತ್ರೆ ನಡೆದಿದೆ. ಒಂದು ಕಾಲದಲ್ಲಿ ಗಂಟೆಗಟ್ಟಲೆ ಕಾಡುತ್ತಿದ್ದ ಬಿಗಿತ ಈಗ ಇಪ್ಪತ್ತು ನಿಮಿಷಕ್ಕೆಲ್ಲ ಬಿಡುತ್ತದೆ. ಹೆಸರುಗಳು ಮಾತ್ರ ಅಷ್ಟರಲ್ಲಿ ಮುಗಿಯುವುದಿಲ್ಲ. ಬಲಗೈ ತೋರುಬೆರಳಿನ ಬುಡ ಈಗಲೂ ಗೆಳತಿಯದೇ, ಬೇರೆಯವರನ್ನು ಅಲ್ಲಿ ಕೂರಿಸಲು ಮನಸ್ಸಾಗಿಲ್ಲ. ಅವಳ ಮಗಳನ್ನು ಅದೇ ಬೆರಳಿನ ನಡುಗೆಣ್ಣಿಗೆ ಸೇರಿಸಿಕೊಂಡಿದ್ದೇನೆ. ಕೈ ಸರಿಯಾಗಿ ಮಡಚಲು ಬಂದ ಮೇಲೂ ಇನ್ನರ್ಧ ಗಂಟೆ ಹಾಸಿಗೆಯಲ್ಲೇ ಇರುತ್ತೇನೆ. ಮನೆಯವರು ಕೈ ಇನ್ನೂ ಬಿಟ್ಟಿಲ್ಲವೆಂದುಕೊಂಡು ಗುಂಡಿ ಹಾಕಲು ಬಂದು ನಿಲ್ಲುತ್ತಾರೆ.