ತೋಡಿನ ಕಪ್ಪೆಗೆ ಹೆಸರು ಕೇಳಿದ್ದು

ನಾನು ಮಂಗಳೂರಿನ ಕುಳಾಯಿಯಲ್ಲಿ ಬಟ್ಟೆ ಹೊಲಿಯುವವಳು. ಮಳೆಗಾಲದಲ್ಲಿ ಮದುವೆ ಕಡಿಮೆ, ಬ್ಲೌಸೂ ಕಡಿಮೆ. ಹಾಗಾಗಿ ಮೊಬೈಲ್ ಜಾಸ್ತಿ. ಮೂರು ವರ್ಷದ ಹಿಂದೆ, ಆಟಿ ತಿಂಗಳ ಒಂದು ರಾತ್ರಿ, ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ್ಟ ಕಪ್ಪೆಯ ಫೋಟೋ ಕಂಡಿತು. ಕೆಳಗೆ ಹೆಸರು: ಮೈಕ್ರೋಹೈಲಾ ಕೊಡಿಯಾಲ್.

ಕೊಡಿಯಾಲ್! ಕೊಂಕಣಿಯವರು ಮಂಗಳೂರಿಗೆ ಹೇಳುವ ಹೆಸರು. ನಮ್ಮ ಊರಿನ ಹೆಸರು ಹೊತ್ತ ಕಪ್ಪೆ ಉಂಟು ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ರಾತ್ರಿ ನಿದ್ದೆ ಬಿಟ್ಟು ಓದಿದೆ. 2018ರಲ್ಲಿ ಇದನ್ನು ಹೊಸ ಪ್ರಭೇದ ಅಂತ ಪ್ರಕಟಿಸಿದ್ದರು. ಸಿಕ್ಕಿದ್ದು ಘಟ್ಟದ ಕಾಡಿನಲ್ಲಲ್ಲ, ಮಂಗಳೂರಿನಲ್ಲೇ, ಕಾರ್ಖಾನೆಗಳ ನಡುವಿನ ಜಾಗದಲ್ಲಿ. ಅಲ್ಲಿ ಹಿಂದೆ ಹೊರದೇಶದಿಂದ ಬಂದ ಮರದ ದಿಮ್ಮಿ ರಾಶಿ ಹಾಕುತ್ತಿದ್ದರಂತೆ. ವಂಶವಾಹಿ ನೋಡಿದರೆ ಇದರ ಹತ್ತಿರದ ಸಂಬಂಧಿಕರು ಆಗ್ನೇಯ ಏಷ್ಯಾದಲ್ಲಿ! ದಿಮ್ಮಿಯ ಜೊತೆ ಹಡಗು ಹತ್ತಿ ಬಂದಿರಬಹುದಾ ಎಂಬ ಅನುಮಾನ ಅಲ್ಲಿಂದ. ಬಂದರಿನ ಊರಿಗೆ ಬಂದು ನೆಲೆಸಿದವರು ಮನುಷ್ಯರು ಮಾತ್ರ ಅಲ್ಲ ಅಂತಾಯಿತು.

ಮರುದಿನವೇ ಟಾರ್ಚ್ ಹಿಡಿದು ಮನೆ ಹಿಂದಿನ ತೋಡಿಗೆ ಹೋದೆ. ಅತ್ತೆ ಒಳಗಿನಿಂದಲೇ ಕೇಳಿದರು, "ಮಳೆಯಲ್ಲಿ ಅಲ್ಲಿ ಎಂತ ಮಾಡುದು ಮಾರಾಯ್ತಿ?" ಕಪ್ಪೆಯ ಸ್ವರ ರೆಕಾರ್ಡ್ ಮಾಡ್ಲಿಕ್ಕೆ ಅಂದರೆ ನಗ್ತಾರೆ ಅಂತ ಸುಮ್ನೆ ಇದ್ದೆ. ಎರಡು ಮಸುಕು ಫೋಟೋ, ನಲವತ್ತು ಸೆಕೆಂಡಿನ ಸದ್ದು ಸಿಕ್ಕಿತು. ಕೊಡಿಯಾಲೇ ಸಿಕ್ಕಿತು ಅಂತ ಐನ್ಯಾಚುರಲಿಸ್ಟಿಗೆ ಹಾಕಿದೆ. ಕಂಡ ಜೀವಿಯ ಫೋಟೋ, ಸದ್ದು ಹಾಕಿದರೆ ಗೊತ್ತಿದ್ದವರು ಹೆಸರು ಹೇಳುವ ಜಾಲತಾಣ ಅದು.

ಗುರುತಿಲ್ಲದ ಒಬ್ಬರು ಮರುದಿನ ತಿದ್ದಿದರು. ಅದು ಕೊಡಿಯಾಲ್ ಅಲ್ಲ, ಗದ್ದೆಗಳಲ್ಲಿ ಮಾಮೂಲಿ ಸಿಗುವ ಕಪ್ಪೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಅವರು ಒಂದು ಮಾತು ಸೇರಿಸಿದ್ದರು: ಮುಂದಿನ ಸಲ ಬೆನ್ನು, ಪಕ್ಕ, ಕಾಲ್ಬೆರಳು ಮೂರೂ ಕಾಣುವ ಹಾಗೆ ತೆಗೀರಿ, ಕಪ್ಪೆಯನ್ನು ಮುಟ್ಟಬೇಡಿ. ಇಷ್ಟು ವರ್ಷ ನೋಡಿದ ರೀಲ್ಸ್ ಯಾವುದೂ ನನಗೆ ಇಷ್ಟು ಕಲಿಸಿಲ್ಲ. ಹೆಬ್ಬಾವನ್ನು ಕೊರಳಿಗೆ ಸುತ್ತಿಕೊಂಡು ನಗುವವರ ರೀಲ್ ಈಗ ಬಂದರೆ ತಳ್ಳಿ ಮುಂದೆ ಹೋಗುತ್ತೇನೆ. ಅದರಲ್ಲಿ ಹಾವಿನ ಬಗ್ಗೆ ಒಂದು ವಾಕ್ಯವೂ ಇರುವುದಿಲ್ಲ, ಎಲ್ಲ ಅವರ ಬಗ್ಗೆಯೇ.

ಕಿವಿಯಿಂದ ಕಪ್ಪೆ ಹುಡುಕಿದವರ ಕತೆಯೂ ಹೀಗೇ ಸಿಕ್ಕಿತು. ಉತ್ತರ ಕನ್ನಡದಲ್ಲಿ ಅರಣ್ಯ ರಕ್ಷಕ ಸಿ.ಆರ್. ನಾಯ್ಕರಿಗೆ ಒಂದು ಕೂಗು ವಿಚಿತ್ರ ಅನಿಸಿತು. ಬಿಳಿ ಎದೆಯ ಮಿಂಚುಳ್ಳಿ ಕೂಗಿದ ಹಾಗೆ. ಮಿಂಚುಳ್ಳಿ ಅಂತಲೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಬಿಡಲಿಲ್ಲ. ಅದು ಕಪ್ಪೆ! 2016ರಲ್ಲಿ ಯೂಫ್ಲಿಕ್ಟಿಸ್ ಕರಾವಳಿ ಅಂತ ಹೆಸರಾಯಿತು. ಆ ಸಂಶೋಧನಾ ಲೇಖನದ ಲೇಖಕರ ಸಾಲಿನಲ್ಲಿ ನಾಯ್ಕರ ಹೆಸರೂ ಉಂಟು.

ಒಂದು ತಪ್ಪು ನಾನೂ ಮಾಡಿದೆ. ತೋಡಿನ ಬದಿಯಲ್ಲಿ ಆಮೆಯೊಂದು ಕಂಡಾಗ ನಮ್ಮ ವಾಟ್ಸ್ಯಾಪ್ ಗ್ರೂಪಿಗೆ ಫೋಟೋ, ಜಾಗದ ಗುರುತು ಎರಡೂ ಕಳಿಸಿಬಿಟ್ಟೆ. ಸಂಜೆಗೆ ಐದಾರು ಜನ ಬಂದು ಎತ್ತಿ ನೋಡಿದರು. ಮರುದಿನ ಆಮೆ ಇಲ್ಲ. ಹೋಯಿತೋ, ತೆಗೊಂಡು ಹೋದರೋ, ಗೊತ್ತಿಲ್ಲ. ಅಂದಿನಿಂದ ಏನು ಹಾಕಿದರೂ ಜಾಗ ಮಸುಕು ಮಾಡಿಯೇ ಹಾಕುವುದು.

ಈ ಸಲ ಮಳೆ ಹಿಡಿದ ಮೇಲೆ ಒಂದು ರಾತ್ರಿ ಹೊಲಿಗೆ ಮಿಷಿನ್ ಓಡುತ್ತಿತ್ತು. ಅತ್ತೆ ಬಂದು ನಿಲ್ಲಿಸಲು ಹೇಳಿದರು. "ಕೇಳು, ಇವತ್ತು ಬೇರೆ ಒಂದು ಸ್ವರ ಉಂಟು." ಹೌದು, ಇತ್ತು. ಕೊಡೆ ಅವರೇ ಹಿಡಿದರು, ನಾನು ರೆಕಾರ್ಡ್ ಮಾಡಿದೆ.

ಹಾಕಿ ಒಂಬತ್ತು ದಿನ ಆಯಿತು. ಇನ್ನೂ ಯಾರೂ ಹೆಸರು ಹೇಳಿಲ್ಲ. ಬೆಳಿಗ್ಗೆ ಚಾ ಕುಡಿಯುವಾಗ ಅತ್ತೆ ಕೇಳುತ್ತಾರೆ, "ಬಂತಾ?"